ಉಪಗ್ರಹ ತೋರಿಸುವ ಗುಪ್ತನಿಧಿ

2000ನೇ ಇಸವಿಯ ಮೇ 3ನೇ ತಾರೀಖು. ಅಮೆರಿಕದ ವಾಯವ್ಯ ಭಾಗದಲ್ಲಿರುವ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಿಂದ ಸ್ವಲ್ಪ ದೂರದ ಬೀವರ್‌ಕ್ರೀಕ್ ಎಂಬ ಊರು. ಅಲ್ಲಿನ ಮರಗಳ ನಡುವೆ ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಕಪ್ಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅರ್ಧದಷ್ಟು ನೆಲದಲ್ಲಿ ಹೂತು ಬಂದರು. ಅದರೊಳಗೆ ಚಿನ್ನವೂ ಇರಲಿಲ್ಲ, ವಜ್ರವೂ ಇರಲಿಲ್ಲ. ಒಂದಿಷ್ಟು ಪುಸ್ತಕ, ಸ್ವಲ್ಪ ಹಣ, ಬೇಯಿಸಿದ ಬೀನ್ಸ್ ತುಂಬಿದ ತಗಡಿನ ಡಬ್ಬಿ, ಒಂದು ಕವಣೆ, ಜೊತೆಗೆ ಬಂದವರು ಹೆಸರು ಬರೆಯಲೆಂದು ಒಂದು ಪುಸ್ತಕ ಹಾಗೂ ಪೆನ್ಸಿಲ್. ಮನೆಗೆ ಮರಳಿದ ಉಲ್ಮರ್ ಆ ಜಾಗದ ವಿಳಾಸವನ್ನು ಕಂಪ್ಯೂಟರ್ ಜಾಲದ ಮೂಲಕ ಆಸಕ್ತರಿಗೆಲ್ಲ ತಿಳಿಸಿದರು. ವಿಳಾಸದಲ್ಲಿ ಬೀದಿಯ ಹೆಸರಿಲ್ಲ, ಮನೆಯ ಸಂಖ್ಯೆಯಿಲ್ಲ. ಇದ್ದದ್ದು ಇಷ್ಟೇ: ಉತ್ತರ 45 ಡಿಗ್ರಿ 17.460 ಮಿನಿಟು, ಪಶ್ಚಿಮ 122 ಡಿಗ್ರಿ 24.800 ಮಿನಿಟು. ಜೊತೆಗೊಂದು ನಿಯಮ: ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟು ಹೋಗಿ.

ಮೂರೇ ದಿನಗಳಲ್ಲಿ ಬಕೆಟ್ಟು ಪತ್ತೆಯಾಯಿತು. ಹುಡುಕಿದವರಿಗೂ ಉಲ್ಮರ್ ಅವರಿಗೂ ಮುಖಪರಿಚಯವೂ ಇರಲಿಲ್ಲ. ಅಂದು ಶುರುವಾದ ಈ ಗುಪ್ತನಿಧಿಯ ಆಟಕ್ಕೆ ಈಗ 'ಜಿಯೋಕ್ಯಾಶಿಂಗ್' ಎಂಬ ಹೆಸರಿದೆ. ಜಗತ್ತಿನಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಬಂಡೆಗಳ ಸಂದಿಯಲ್ಲಿ, ಮರದ ಪೊಟರೆಯಲ್ಲಿ, ಸೇತುವೆಗಳ ಮಗ್ಗುಲಲ್ಲಿ ಅಡಗಿ ಕುಳಿತಿವೆ. ಈ ಆಟಕ್ಕೆ ಬೇಕಾದದ್ದು ಅಂಗೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಉಪಕರಣ ಮತ್ತು ಎರಡು ಗಟ್ಟಿ ಕಾಲುಗಳು. ಇವೆರಡರ ಜೊತೆಗೆ ಇನ್ನೊಂದು ವಸ್ತುವೂ ಬೇಕು. ಅದೇನೆಂಬುದು ಉಪಕರಣದ ಕೆಲಸ ಅರ್ಥವಾದ ಮೇಲಷ್ಟೇ ತಿಳಿಯುತ್ತದೆ.

ಎಂಟು ಎಕರೆ ಮೂರು ಗುಂಟೆಯಾದ ರಾತ್ರಿ

ಉಲ್ಮರ್ ಆ ಬಕೆಟ್ಟನ್ನು ಮೇ 3ರಂದೇ ಇಟ್ಟದ್ದೇಕೆ? ಅದಕ್ಕೆ ಎರಡು ದಿನ ಹಿಂದಿನ ಒಂದು ಆಜ್ಞೆ ಕಾರಣ.

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆಯ ಸೃಷ್ಟಿ. ಇದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಒಕ್ಕೂಟದ ವಾಯುಪ್ರದೇಶವನ್ನು ಹೊಕ್ಕಿತು. ಅಲ್ಲಿನ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ತಾನೆಲ್ಲಿದ್ದೇನೆ ಎಂಬುದು ವಿಮಾನಕ್ಕೆ ಸರಿಯಾಗಿ ತಿಳಿದಿದ್ದರೆ ಈ ದುರಂತ ನಡೆಯುತ್ತಿರಲಿಲ್ಲ. ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್, ಜಿಪಿಎಸ್ ವ್ಯವಸ್ಥೆ ಸಿದ್ಧವಾದ ಮೇಲೆ ಅದನ್ನು ನಾಗರಿಕರಿಗೂ ಉಚಿತವಾಗಿ ಒದಗಿಸುವುದಾಗಿ ಘೋಷಿಸಿದರು.

ಆದರೆ ಕೊಟ್ಟದ್ದು ಪೂರ್ತಿ ಕೊಟ್ಟದ್ದಲ್ಲ. ಶತ್ರುಗಳು ಇದನ್ನು ಬಳಸಿಕೊಂಡಾರೆಂಬ ಅಂಜಿಕೆಯಿಂದ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ತಪ್ಪನ್ನು ಬೆರೆಸಲಾಗುತ್ತಿತ್ತು. ಪರಿಣಾಮವಾಗಿ ಉಪಕರಣ ತೋರಿಸುವ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರುಗಳವರೆಗೆ ವ್ಯತ್ಯಾಸ ಬರುತ್ತಿತ್ತು. ಇದರ ಅರ್ಥವನ್ನು ಒಂದು ಸಣ್ಣ ಲೆಕ್ಕ ಹೇಳುತ್ತದೆ. ನೂರು ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 31,400 ಚದರ ಮೀಟರ್, ಅಂದರೆ ಸುಮಾರು ಎಂಟು ಎಕರೆ. ಎಂಟು ಎಕರೆ ಕಾಡಿನಲ್ಲಿ ಒಂದು ಬಕೆಟ್ಟನ್ನು ಹುಡುಕುವವರಾರು?

2000ದ ಮೇ 1ರ ಮಧ್ಯರಾತ್ರಿ, ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ, ಈ ಕಲಬೆರಕೆಯನ್ನು ನಿಲ್ಲಿಸಲಾಯಿತು. ಜಗತ್ತಿನ ಎಲ್ಲ ನಾಗರಿಕ ಜಿಪಿಎಸ್ ಉಪಕರಣಗಳೂ ಒಮ್ಮೆಲೇ ಸುಮಾರು ಹತ್ತು ಪಟ್ಟು ನಿಖರವಾದವು. ಯಾರೂ ಹೊಸ ಉಪಕರಣ ಕೊಳ್ಳಲಿಲ್ಲ, ಇದ್ದದ್ದನ್ನು ಬಿಚ್ಚಿ ರಿಪೇರಿ ಮಾಡಲೂ ಇಲ್ಲ. ತಪ್ಪು ನೂರು ಮೀಟರಿನಿಂದ ಹತ್ತು ಮೀಟರಿಗೆ ಇಳಿದರೆ ಹುಡುಕಬೇಕಾದ ಜಾಗ ಹತ್ತರಲ್ಲಿ ಒಂದು ಪಾಲಲ್ಲ, ನೂರರಲ್ಲಿ ಒಂದು ಪಾಲಾಗುತ್ತದೆ. ಏಕೆಂದರೆ ವಿಸ್ತೀರ್ಣ ತ್ರಿಜ್ಯದ ವರ್ಗವನ್ನು ಅನುಸರಿಸುತ್ತದೆ. ಎಂಟು ಎಕರೆ ಸುಮಾರು ಮೂರು ಗುಂಟೆಯಾಯಿತು. ಮೂರು ಗುಂಟೆಯಲ್ಲಿ ಬಕೆಟ್ಟು ಹುಡುಕಬಹುದು! ಇದನ್ನು ಪರೀಕ್ಷಿಸಿ ನೋಡಲೆಂದೇ ಉಲ್ಮರ್ ತಮ್ಮ ಬಕೆಟ್ಟನ್ನು ಇಟ್ಟದ್ದು.

ಮಿಂಚು, ಗುಡುಗು ಮತ್ತು ಉಪಗ್ರಹ

ಅಂಗೈಯಗಲದ ಉಪಕರಣಕ್ಕೆ ತಾನಿರುವ ಜಾಗ ತಿಳಿಯುವುದು ಹೇಗೆ? ಮಳೆಗಾಲದಲ್ಲಿ ಮಕ್ಕಳು ಮಾಡುವ ಒಂದು ಲೆಕ್ಕದಲ್ಲೇ ಇದಕ್ಕೆ ಉತ್ತರವಿದೆ. ಮಿಂಚು ಕಂಡ ಕ್ಷಣದಿಂದ ಎಣಿಸುತ್ತ ಹೋಗಿ, ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಆರು ಸೆಕೆಂಡಾದರೆ ಎರಡು ಕಿಲೋಮೀಟರ್. ವೇಗ ಗೊತ್ತಿದ್ದು ಕಾಲವನ್ನು ಅಳೆದರೆ ದೂರ ಸಿಗುತ್ತದೆ. ಜಿಪಿಎಸ್‌ನ ಮೂಲತತ್ವ ಇಷ್ಟೇ.

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಆರು ಬೇರೆ ಬೇರೆ ಕಕ್ಷೆಗಳಲ್ಲಿ, ಜಿಪಿಎಸ್ ಉಪಗ್ರಹಗಳು ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ವ್ಯವಸ್ಥೆ ನಡೆಯಲು 24 ಉಪಗ್ರಹಗಳು ಬೇಕು. ಒಂದೆರಡು ಕೈಕೊಟ್ಟರೂ ತೊಂದರೆಯಾಗದಿರಲೆಂದು ಅದಕ್ಕಿಂತ ಹೆಚ್ಚನ್ನೇ ಇರಿಸಿರುತ್ತಾರೆ. ಪ್ರತಿಯೊಂದು ಉಪಗ್ರಹವೂ ಬಿಡದೆ ಎರಡು ಸಂಗತಿಗಳನ್ನು ಸಾರುತ್ತಿರುತ್ತದೆ: 'ನಾನು ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು.' ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಹೊರಟ ಈ ರೇಡಿಯೋ ಸಂಕೇತ ನೆಲ ಮುಟ್ಟಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತು ಸಾಕು. ಆ ಹೊತ್ತನ್ನು ಅಳೆದು ಉಪಕರಣ ದೂರವನ್ನು ಲೆಕ್ಕ ಹಾಕುತ್ತದೆ.

ಒಂದು ಉಪಗ್ರಹದ ದೂರ ತಿಳಿದರೆ ಉಪಕರಣವು ಒಂದು ಬೃಹತ್ ಗೋಳದ ಮೇಲೆ ಎಲ್ಲೋ ಇದೆ ಎಂದಾಯಿತು. ಎರಡನೆಯದು ಸೇರಿದರೆ ಎರಡು ಗೋಳಗಳು ಕೂಡುವ ವೃತ್ತದ ಮೇಲೆ. ಮೂರನೆಯದು ಸೇರಿದರೆ ಎರಡು ಬಿಂದುಗಳು ಮಾತ್ರ ಉಳಿಯುತ್ತವೆ. ಅವುಗಳಲ್ಲಿ ಒಂದು ಸಾಮಾನ್ಯವಾಗಿ ನೆಲದಿಂದ ಬಹುದೂರ ಬಾಹ್ಯಾಕಾಶದಲ್ಲಿರುವುದರಿಂದ ಅದನ್ನು ಬಿಡಬಹುದು. ಹಾಗಾದರೆ ಮೂರು ಉಪಗ್ರಹ ಸಾಕಲ್ಲವೆ? ಸಾಲದು. ಉಪಗ್ರಹದಲ್ಲಿರುವುದು ಅತ್ಯಂತ ಕರಾರುವಾಕ್ಕಾದ ಪರಮಾಣು ಗಡಿಯಾರ. ಕೈಯಲ್ಲಿರುವ ಉಪಕರಣದ್ದಾದರೋ ಕೈಗಡಿಯಾರದಲ್ಲಿರುವಂಥ ಸಾಧಾರಣ ಸ್ಫಟಿಕದ ಗಡಿಯಾರ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಹೆಚ್ಚುಕಡಿಮೆಯಾದರೂ ದೂರದಲ್ಲಿ 300 ಮೀಟರಿನ ತಪ್ಪಾಗುತ್ತದೆ. ಆದ್ದರಿಂದ ಉಪಕರಣವು ನಾಲ್ಕನೆಯ ಉಪಗ್ರಹವನ್ನೂ ಆಲಿಸಿ ತನ್ನ ಗಡಿಯಾರದ ತಪ್ಪನ್ನೂ ಕಂಡುಹಿಡಿದುಕೊಳ್ಳುತ್ತದೆ. ಗೊತ್ತಿಲ್ಲದ ಸಂಗತಿಗಳು ನಾಲ್ಕು: ಉದ್ದ, ಅಗಲ, ಎತ್ತರ, ಕಾಲ. ಹಾಗಾಗಿ ಸಮೀಕರಣಗಳೂ ನಾಲ್ಕೇ ಬೇಕು. ಬೀಜಗಣಿತವನ್ನು ಕಲಿತು ಏನಾಗಬೇಕು ಎಂದು ಕೇಳುವ ವಿದ್ಯಾರ್ಥಿಗೆ ಇಲ್ಲಿ ಉತ್ತರವಿದೆ.

ಐನ್‌ಸ್ಟೈನರಿಗೂ ಇಲ್ಲಿ ಕೆಲಸವುಂಟು. ಉಪಗ್ರಹ ವೇಗವಾಗಿ ಚಲಿಸುವುದರಿಂದ ಅದರ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಭೂಮಿಯ ಗುರುತ್ವ ಅಷ್ಟು ಎತ್ತರದಲ್ಲಿ ಕಡಿಮೆಯಾದ್ದರಿಂದ ಸುಮಾರು 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಕಳೆದುಳಿದ 38 ಮೈಕ್ರೊಸೆಕೆಂಡನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ಒಂದೇ ದಿನಕ್ಕೆ ಹತ್ತು ಕಿಲೋಮೀಟರಿಗೂ ಮಿಕ್ಕಿ ತಪ್ಪು ಸೇರಿಕೊಳ್ಳುತ್ತದೆ. ಸಾಪೇಕ್ಷತಾ ಸಿದ್ಧಾಂತವಿಲ್ಲದೆ ಬೀವರ್‌ಕ್ರೀಕಿನ ಬಕೆಟ್ಟೂ ಸಿಗುತ್ತಿರಲಿಲ್ಲ.

ಅಂಕಿಗಳಲ್ಲಿ ಅಡಗಿದ ಹೆಜ್ಜೆ

ಉಲ್ಮರ್ ಕೊಟ್ಟ ವಿಳಾಸವನ್ನು ಈಗ ಮತ್ತೊಮ್ಮೆ ನೋಡೋಣ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಡಿಗ್ರಿಯನ್ನು 60 ಮಿನಿಟುಗಳಾಗಿ ಭಾಗಿಸಿದರೆ ಒಂದು ಮಿನಿಟಿಗೆ 1.85 ಕಿಲೋಮೀಟರ್. ಮಿನಿಟಿನ ಸಾವಿರದಲ್ಲಿ ಒಂದು ಭಾಗ, ಅಂದರೆ 17.460 ಎಂಬಲ್ಲಿನ ಕೊನೆಯ ಅಂಕಿ, 1.85 ಮೀಟರ್. ಇದು ದೊಡ್ಡವರ ಎರಡೂವರೆ ಹೆಜ್ಜೆ.

ರೇಖಾಂಶದ ಮಾತೇ ಬೇರೆ. ರೇಖಾಂಶಗಳು ಧ್ರುವಗಳತ್ತ ಹೋದಂತೆ ಹತ್ತಿರ ಹತ್ತಿರವಾಗುತ್ತವೆ. ಒರೆಗಾನಿನಲ್ಲಿ ರೇಖಾಂಶದ ಕೊನೆಯ ಅಂಕಿ ಒಂದು ಹೆಚ್ಚಾದರೆ ಜಾಗ ಸರಿಯುವುದು ಸುಮಾರು 1.3 ಮೀಟರ್ ಮಾತ್ರ. 13ನೇ ಅಕ್ಷಾಂಶದ ಹತ್ತಿರವಿರುವ ಬೆಂಗಳೂರಿನಲ್ಲಾದರೆ 1.8 ಮೀಟರ್. ಕೊಸೈನ್ ಕೋಷ್ಟಕ ಬಲ್ಲ ವಿದ್ಯಾರ್ಥಿಗಳು ಈ ಅಂಕಿಗಳನ್ನು ತಾವೇ ತಾಳೆ ನೋಡಬಹುದು.

ಹೊಸ ಆಟ, ಹಳೆಯ ಚಪಲ

ಅಡಗಿಸಿದ್ದನ್ನು ಹುಡುಕುವ ಚಪಲ ಇಂದಿನದಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬೆಟ್ಟಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲೇ ಒಂದು ಬಾಟಲಿಯನ್ನು ಇಟ್ಟಿದ್ದರು. ಆ ದುರ್ಗಮ ಜಾಗಕ್ಕೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಉಲ್ಮರ್ ಅವರ ಬಕೆಟ್ಟು ಆ ಬಾಟಲಿಯ ಮೊಮ್ಮಗು ಎನ್ನಬಹುದು.

'ಜಿಯೋಕ್ಯಾಶಿಂಗ್' ಎಂಬ ಹೆಸರು ಬಂದದ್ದು ಅದೇ ಮೇ ತಿಂಗಳ ಕೊನೆಗೆ. 'ಜಿಯೋ' ಎಂದರೆ ಭೂಮಿ, 'ಕ್ಯಾಶ್' ಎಂದರೆ ಅಡಗಿಸಿಟ್ಟ ದಾಸ್ತಾನು. ಇದು ಹಣದ 'ಕ್ಯಾಶ್' ಅಲ್ಲ. ಅದೇ ವರ್ಷ ಡಬ್ಬಿಗಳ ಪಟ್ಟಿಯನ್ನು ಒಂದೆಡೆ ಇಡುವ ವ್ಯವಸ್ಥೆಯೂ ಬಂತು. ನಿಯಮಗಳು ಬೆಳೆದವು. ಸಿಕ್ಕ ಡಬ್ಬಿಯಲ್ಲಿ ಹೆಸರು ಮತ್ತು ತಾರೀಖು ಬರೆಯಬೇಕು. ಒಂದು ವಸ್ತುವನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಇನ್ನೂ ಹೆಚ್ಚಿನ ಬೆಲೆಯ ವಸ್ತುವನ್ನು ಇಡಬೇಕು. ತಿಂಡಿ ಇಡಬಾರದು, ವಾಸನೆ ಹಿಡಿದ ಪ್ರಾಣಿಗಳು ಡಬ್ಬಿಯನ್ನು ಕಚ್ಚಿ ಒಡೆಯುತ್ತವೆ. ನೆಲ ಅಗೆದು ಹೂಳಬಾರದು. ಈ ಲೆಕ್ಕದಲ್ಲಿ ಬೀನ್ಸ್ ಡಬ್ಬಿಯ ಜೊತೆ ಅರ್ಧ ಹೂತಿದ್ದ ಮೊಟ್ಟಮೊದಲ ಬಕೆಟ್ಟೇ ಇಂದು ನಿಯಮಬಾಹಿರ! ಹೋಗುವಾಗ ಕೈಯಲ್ಲೊಂದು ಚೀಲ ಹಿಡಿದು, ದಾರಿಯಲ್ಲಿ ಕಂಡ ಕಸವನ್ನು ಹೆಕ್ಕಿ ತರುವ ಪದ್ಧತಿಯೂ ಆಟಗಾರರಲ್ಲಿದೆ.

ಪಟ್ಟಿಯಲ್ಲಿ ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ. ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದರಿಂದ ಐದು, ದಾರಿ ಎಷ್ಟು ಕಠಿಣ ಎಂಬುದಕ್ಕೆ ಒಂದರಿಂದ ಐದು. ಎರಡರಲ್ಲೂ ಒಂದೇ ಅಂಕವಿರುವ ಡಬ್ಬಿಯನ್ನು ಅಜ್ಜಿಯ ಕೈ ಹಿಡಿದ ಮೊಮ್ಮಗಳೂ ಹುಡುಕಬಹುದು. ದಾರಿಗೆ ಐದು ಅಂಕವಿದ್ದರೆ ಹಗ್ಗವೋ ದೋಣಿಯೋ ಬೇಕಾದೀತು.

ಕೊನೆಯ ಹತ್ತು ಮೀಟರು

ಕೈ ಉಪಕರಣದಲ್ಲಿ ವಿಳಾಸದ ಅಂಕಿಗಳನ್ನು ಒತ್ತಿದರೆ ಪರದೆಯ ಮೇಲೆ ಬಾಣವೂ ದೂರವೂ ಮೂಡುತ್ತವೆ. ಐನೂರು ಮೀಟರು, ಮುನ್ನೂರು, ನೂರು, ಐವತ್ತು. ಹುಡುಗರು ಓಡತೊಡಗುತ್ತಾರೆ. ದೂರ ಹತ್ತು ಮೀಟರಿಗೆ ಇಳಿದ ಮೇಲೆ ಮಾತ್ರ ವಿಚಿತ್ರ ಆರಂಭವಾಗುತ್ತದೆ. ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೊಮ್ಮೆ ಹಿಂದಕ್ಕೆ ತಿರುಗುತ್ತದೆ. ಉಪಕರಣ ಕೆಟ್ಟಿತೆಂದು ಹೊಸಬರು ಅದನ್ನು ಅಲ್ಲಾಡಿಸುತ್ತಾರೆ.

ಕೆಟ್ಟಿಲ್ಲ. ತೆರೆದ ಆಕಾಶದಡಿ ಒಳ್ಳೆಯ ಉಪಕರಣದ ತಪ್ಪು ಈಗ ಮೂರರಿಂದ ಐದು ಮೀಟರಿನಷ್ಟಿರುತ್ತದೆ. ಡಬ್ಬಿ ಇಟ್ಟವರ ಉಪಕರಣ ಐದು ಮೀಟರ್ ತಪ್ಪಿರಬಹುದು, ಹುಡುಕುವವರದು ಇನ್ನೈದು. ಎರಡೂ ಸೇರಿದರೆ ಹತ್ತು ಮೀಟರು, ಅದೇ ಮೂರು ಗುಂಟೆ. ದಟ್ಟ ಮರಗಳ ಕೆಳಗೆ, ಬಂಡೆಯ ಮಗ್ಗುಲಲ್ಲಿ ತಪ್ಪು ಇನ್ನೂ ಹೆಚ್ಚು. ಉಪಗ್ರಹದ ಸಂಕೇತ ನೆಲ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ. ಎಲೆಗಳು ಅದನ್ನು ಹೀರುತ್ತವೆ, ಬಂಡೆಗೆ ಬಡಿದು ಪ್ರತಿಫಲಿಸಿ ಬಂದ ಸಂಕೇತ ಸುತ್ತುದಾರಿ ಹಿಡಿದದ್ದರಿಂದ ಹೆಚ್ಚಿನ ದೂರವನ್ನು ಹೇಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಲ್ಲಿ ಉಪಗ್ರಹ ಕೊಟ್ಟರೂ ಮರ ಬಿಡಬೇಕು.

ಅನುಭವಿಗಳು ಇಲ್ಲಿ ಬಾಣವನ್ನು ನೆಚ್ಚುವುದಿಲ್ಲ. ಉಪಕರಣವನ್ನು ಜೇಬಿಗೆ ಸೇರಿಸಿ ಸುತ್ತ ನೋಡುತ್ತಾರೆ. ಯಾವ ಕಲ್ಲು ಅಸಹಜವಾಗಿ ಕೂತಿದೆ? ಒಣಕಡ್ಡಿಗಳು ಯಾರೋ ಜೋಡಿಸಿದಂತೆ ಸಾಲಾಗಿವೆಯೆ? ತಾನಾಗಿದ್ದರೆ ಎಲ್ಲಿ ಅಡಗಿಸುತ್ತಿದ್ದೆ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಭೂಮಿಯ ಮೇಲ್ಮೈ 51 ಕೋಟಿ ಚದರ ಕಿಲೋಮೀಟರ್. ಅಷ್ಟನ್ನೂ ಮೂರು ಗುಂಟೆಗೆ ಇಳಿಸಿಕೊಡುವುದು ಉಪಗ್ರಹದ ಕೆಲಸ. ಆ ಮೂರು ಗುಂಟೆಯಲ್ಲಿ ಡಬ್ಬಿಯನ್ನು ಕಾಣುವುದು ಕಣ್ಣಿನ ಕೆಲಸ. ಉಪಕರಣ ಮತ್ತು ಕಾಲುಗಳ ಜೊತೆಗೆ ಬೇಕಾದ ಮೂರನೆಯ ವಸ್ತು ಇದೇ: ನೋಡುವ ಅಭ್ಯಾಸ.

ಹೆತ್ತವರು ತಿಳಿಯಬೇಕಾದದ್ದು

'ಕೈಯಲ್ಲಿ ಜಿಪಿಎಸ್ ಇದೆಯಲ್ಲ, ಇನ್ನೇನು ಭಯ?' ಎಂಬ ಮಾತು ಚಾರಣಕ್ಕೆ ಮಕ್ಕಳನ್ನು ಕಳಿಸುವ ಮನೆಗಳಲ್ಲಿ ಕೇಳಿಬರುತ್ತದೆ. ಈ ಧೈರ್ಯದ ಹಿಂದೆ ಒಂದು ದೊಡ್ಡ ತಪ್ಪು ತಿಳಿವಳಿಕೆಯಿದೆ. ಜಿಪಿಎಸ್ ಉಪಕರಣ ರೇಡಿಯೋ ಪೆಟ್ಟಿಗೆಯಂತೆ ಕೇಳಿಸಿಕೊಳ್ಳುತ್ತದೆ, ಅಷ್ಟೆ. ಅದು ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ತಾನೆಲ್ಲಿದ್ದೇನೆಂಬುದು ಹಿಡಿದವನಿಗೆ ತಿಳಿಯುತ್ತದೆಯೇ ಹೊರತು ಮನೆಯವರಿಗಾಗಲೀ ಪೊಲೀಸರಿಗಾಗಲೀ ತಾನಾಗಿ ತಿಳಿಯುವುದಿಲ್ಲ. ಮೊಬೈಲ್ ಫೋನ್ ಜಾಗವನ್ನು ಇತರರಿಗೆ ಕಳಿಸಬಲ್ಲದು ನಿಜ; ಆದರೆ ಅದಕ್ಕೆ ಸಾಮಾನ್ಯವಾಗಿ ಟವರಿನ ಸಂಪರ್ಕ ಬೇಕು. ಬೆಟ್ಟದ ಕಣಿವೆಯಲ್ಲಿ ಅದು ಸಿಗದೇ ಹೋದೀತು. ಆದ್ದರಿಂದ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಮನೆಯಲ್ಲಿ ಹೇಳಿ ಹೊರಡುವ ಹಳೆಯ ಪದ್ಧತಿಗೆ ಪರ್ಯಾಯವಿಲ್ಲ.

ಎರಡನೆಯ ಸಂಗತಿ, ಬಾಣ ತೋರಿಸುವುದು ನೇರ ದಾರಿಯನ್ನು. ನಡುವೆ ಹೊಳೆಯಿದೆಯೋ ಪ್ರಪಾತವಿದೆಯೋ ಅದಕ್ಕೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ಮೇಲೆ ಮಳೆ ಸುರಿಯುತ್ತಿದೆಯೇ ಎಂಬುದೂ ಗೊತ್ತಿಲ್ಲ. 2018ರ ಜೂನ್‌ನಲ್ಲಿ ಝೆಕ್ ದೇಶದ ಪ್ರಾಗ್ ನಗರದಲ್ಲಿ ಇದೇ ಆಟಕ್ಕಾಗಿ ನೆಲದಡಿಯ ತೊರೆಯ ಕಾಲುವೆಗೆ ಇಳಿದಿದ್ದವರ ಮೇಲೆ ಮಳೆಯ ನೀರು ಹಠಾತ್ತನೆ ನುಗ್ಗಿ ಜೀವಹಾನಿಯಾಯಿತು. ಡಬ್ಬಿ ಇನ್ನೊಂದು ದಿನವೂ ಅಲ್ಲೇ ಇರುತ್ತದೆ. ಅಪಾಯ ಕಂಡಾಗ ಹಿಂದಿರುಗುವುದು ಸೋಲಲ್ಲವೆಂದು ಮಕ್ಕಳಿಗೆ ಮೊದಲೇ ಕಲಿಸಬೇಕು.

ಮೂರನೆಯದು, ಅನುಮತಿ. 2011ರ ಜುಲೈಯಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಪಟ್ಟಣದಲ್ಲಿ ಬೀದಿಬದಿಯ ಹೂಕುಂಡದ ಬಳಿ ಯಾರೋ ಪ್ಲಾಸ್ಟಿಕ್ ಡಬ್ಬಿ ಇಟ್ಟುಹೋದದ್ದನ್ನು ಕಂಡವರು ಬಾಂಬೆಂದು ಹೆದರಿದರು. ಬಾಂಬ್ ನಿಷ್ಕ್ರಿಯ ದಳ ಬಂದು ಅದನ್ನು ಸ್ಫೋಟಿಸಿತು. ಒಳಗಿದ್ದದ್ದು ಆಟದ ಸಾಮಾನು. ಬಸ್ ನಿಲ್ದಾಣ, ರೈಲು ನಿಲ್ದಾಣ, ದೇವಸ್ಥಾನ, ಕಚೇರಿಗಳ ಹತ್ತಿರ ವಾರಸುದಾರರಿಲ್ಲದ ಡಬ್ಬಿ ಇಡುವುದು ಯಾವ ದೇಶದಲ್ಲೂ ಆಟವೆನಿಸಿಕೊಳ್ಳದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಅನುಮತಿಯಿಲ್ಲದೆ ಡಬ್ಬಿ ಇಡುವಂತಿಲ್ಲ. ಅಂಥ ಕಡೆಗಳಿಗಾಗಿ ಹೊರಟದ್ದು 'ಅರ್ಥ್‌ಕ್ಯಾಶ್', ಎಂದರೆ ಡಬ್ಬಿಯಿಲ್ಲದ ನಿಧಿ. ಅಮೆರಿಕದ ಭೂವೈಜ್ಞಾನಿಕ ಸಂಘದ ಬೆಂಬಲದಿಂದ 2004ರಲ್ಲಿ ಆರಂಭವಾದ ಈ ಬಗೆಯಲ್ಲಿ ವಿಳಾಸ ಹಿಡಿದು ಹೋದವರಿಗೆ ಕಾಣುವುದು ಬಂಡೆ, ಜಲಪಾತ ಅಥವಾ ಗುಹೆ. ಅಲ್ಲಿ ನಿಂತು ಕಣ್ಣಾರೆ ನೋಡಿದವರಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಮನೆಗೆ ಕೊಂಡೊಯ್ಯುವ ಸಾಮಾನು ಪಾಠವೊಂದೇ.

ಉಪಕರಣ ಬಳಸುವವರು ಕೆಲವು ಅಭ್ಯಾಸಗಳನ್ನೂ ಮಾಡಿಕೊಳ್ಳಬೇಕು. ವಾಹನದಿಂದ ಇಳಿದ ಕೂಡಲೇ, ನಾಲ್ಕು ಹೆಜ್ಜೆ ಇಡುವ ಮೊದಲು, ಆ ಜಾಗವನ್ನು ಉಪಕರಣದಲ್ಲಿ ಗುರುತು ಮಾಡಬೇಕು. ಹೋಗುವ ದಾರಿಗಿಂತ ಮರಳುವ ದಾರಿ ಮುಖ್ಯ. ಹೆಚ್ಚುವರಿ ಬ್ಯಾಟರಿ ಒಯ್ಯಬೇಕು. ಮೊಬೈಲನ್ನೇ ಬಳಸುವವರು ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಇಷ್ಟಾದ ಮೇಲೂ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಚೀಲದಲ್ಲಿರಲಿ. ಅವಕ್ಕೆ ಬ್ಯಾಟರಿ ಬೇಕಿಲ್ಲ.

ಬ್ಯಾಲಾಳುವಿನಿಂದ ಶಾಲೆಯ ಮೈದಾನದವರೆಗೆ

ಈಗ ಆಕಾಶದಲ್ಲಿ ಜಿಪಿಎಸ್ ಒಂದೇ ಇಲ್ಲ. ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನದ ಬೈದೌ ಇವೆ. ಭಾರತದ್ದು 'ನಾವಿಕ್'. ಏಳು ಉಪಗ್ರಹಗಳ ಸಮೂಹವಾಗಿ ರೂಪಿಸಿದ ಈ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಶ್ರೀಹರಿಕೋಟದಿಂದ ಹಾರಿತು. ಅದರ ಕೆಲಸಕ್ಕೆಂದೇ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊ ಕೇಂದ್ರವೊಂದನ್ನು ಅದೇ ವರ್ಷ ತೆರೆಯಿತು. ಮೊದಲ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಲ ವರ್ಷಗಳಲ್ಲಿ ಕೆಟ್ಟುಹೋದವು. ಅದರ ಜಾಗ ತುಂಬಲು 2018ರ ಏಪ್ರಿಲ್‌ನಲ್ಲಿ ಇನ್ನೊಂದನ್ನು ಕಳಿಸಬೇಕಾಯಿತು. ಗಡಿಯಾರ ನಿಂತರೆ ಇಡೀ ಉಪಗ್ರಹವೇ ದಾರಿ ತೋರಿಸುವ ಕೆಲಸಕ್ಕೆ ಬಾರದು.

ಉಪಕರಣ ಕೊಳ್ಳಲಾಗದ ಶಾಲೆಯಲ್ಲೂ ಈ ಆಟ ಸಾಧ್ಯ. ಶಿಕ್ಷಕರು ಮೈದಾನದಲ್ಲಿ ಒಂದು ಡಬ್ಬಿ ಅಡಗಿಸಿ, 'ಧ್ವಜಸ್ತಂಭದಿಂದ ಉತ್ತರಕ್ಕೆ 40 ಹೆಜ್ಜೆ, ಅಲ್ಲಿಂದ ಪೂರ್ವಕ್ಕೆ 25' ಎಂದು ಚೀಟಿ ಬರೆದರೆ ಸಾಕು. ಮಕ್ಕಳು ಮೊದಲು ತಮ್ಮ ಹೆಜ್ಜೆ ಎಷ್ಟು ಸೆಂಟಿಮೀಟರೆಂದು ಅಳೆದುಕೊಳ್ಳಲಿ, ದಿಕ್ಸೂಚಿಯಿಂದ ಉತ್ತರವನ್ನು ಹಿಡಿಯಲಿ. ಹತ್ತು ಮಕ್ಕಳು ಹತ್ತು ಜಾಗಕ್ಕೆ ತಲುಪುತ್ತಾರೆ. ಆ ಜಾಗಗಳನ್ನೆಲ್ಲ ಒಳಗೊಳ್ಳುವ ವೃತ್ತ ಎಳೆದರೆ, ಅಳತೆಯಲ್ಲಿ ತಪ್ಪು ಎಂದರೇನು ಎಂಬ ಪಾಠ ಕಪ್ಪುಹಲಗೆಯಿಲ್ಲದೆ ಮುಗಿಯುತ್ತದೆ.

ಬೀವರ್‌ಕ್ರೀಕಿನಲ್ಲಿ ಆ ಕಪ್ಪು ಬಕೆಟ್ಟು ಈಗಿಲ್ಲ. ಅದೇ ಜಾಗದಲ್ಲಿ 2003ರಲ್ಲಿ ಒಂದು ಸ್ಮಾರಕ ಫಲಕ ಕೂರಿಸಿದ್ದಾರೆ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಫಲಕದ ಮುಂದೆ ಅವರ ಕೈಯಲ್ಲಿನ ಬಾಣವೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತದೆ. ಆಗ ಅವರೂ ಉಪಕರಣವನ್ನು ಜೇಬಿಗೆ ಹಾಕಿ ತಲೆಯೆತ್ತಿ ನೋಡಬೇಕಾಗುತ್ತದೆ.